ಪರದೇಶಿ ಯಾರು?

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊರದೇಶದಿಂದ ಬಂದವನು ಎಂಬುದು ಒಂದು. ಹೇಳುವವರು ಕೇಳುವವರು ಯಾರೂ ಇಲ್ಲದ ದಿಕ್ಕೇಡಿ ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಿದ ದೂರೊಂದು ನಮ್ಮ ಸವಳಂಗದ ಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ: “ಟಿಬೆಟಿನಿಂದ ಬಂದ ಪರದೇಶಿಗಳಿಗೆ ಸಾವಿರಾರು ಎಕರೆ ಕೊಟ್ಟರು, ಶರಾವತಿಯಲ್ಲಿ ಮನೆಮಠ ಮುಳುಗಿಸಿಕೊಂಡ ನಮ್ಮವರಿಗೆ ಒಂದು ಹಕ್ಕುಪತ್ರಕ್ಕೂ ಗತಿಯಿಲ್ಲ.” ಹೀಗೆ ಹೇಳುವವರು ಓದುಬರಹ ಬಲ್ಲವರು. ನಾನು ಪಾಠ ಹೇಳುವ ಕಾಲೇಜಿನ ಉಪಾಧ್ಯಾಯರ ಕೊಠಡಿಯಲ್ಲೂ ಈ ಮಾತು ನಡೆಯುತ್ತದೆ. ದೂರಿನ ಎರಡನೆಯ ಅರ್ಧ ನಿಜ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಮೊದಲನೆಯ ಅರ್ಧದಿಂದ ನಮ್ಮ ಜನ ಕಲಿಯುವ ಪಾಠ ಮಾತ್ರ ತಲೆಕೆಳಗಾದದ್ದು. ಅಸೂಯೆ ಪಡುವ ಕಡೆ ಅಸೂಯೆ ಪಟ್ಟು, ಲೆಕ್ಕ ಕೇಳಬೇಕಾದ ಕಡೆ ಸುಮ್ಮನಿರುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ನಡೆದದ್ದೇನು? 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಹಸ್ರಾರು ಜನಕ್ಕೆ ನೆಲೆ ಬೇಕಾಯಿತು. ನೆಹರೂ ರಾಜ್ಯಗಳನ್ನು ಕೇಳಿದರು. ಆಗಿನ ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆಯ ಮೇಲೆ 1960–61ರಲ್ಲಿ ಮೊದಲ ವಸತಿ ಎದ್ದಿತು. 1966ರಲ್ಲಿ ಮುಂಡಗೋಡ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ವಸತಿಗಳು ಬಂದವು. ಇದನ್ನು ಪಾಯಸದ ಊಟವೆಂದು ಭಾವಿಸುವವರು ಒಂದು ಕ್ಷಣ ಯೋಚಿಸಬೇಕು. ಬಂದವರು ಹಿಮದ ನಾಡಿನವರು. ಕೊಟ್ಟದ್ದು ಆನೆ ತಿರುಗುವ ಕಾಡು. ಡೇರೆಗಳಲ್ಲಿ ಇದ್ದು, ಸೆಕೆಯನ್ನೂ ರೋಗವನ್ನೂ ಸಹಿಸಿ, ತಮ್ಮ ಕೈಯಿಂದಲೇ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಆ ನೆಲವೂ ಅವರ ಒಡೆತನದ್ದಲ್ಲ, ಗುತ್ತಿಗೆಯದು. ಅಲ್ಲಿ ನೆಲೆಸಿದವರಲ್ಲಿ ಬಹುಮಂದಿ ಇಂದಿಗೂ ಈ ದೇಶದ ಪೌರರಲ್ಲ.

ಹಾಗಾದರೆ ಅವರು ಕಾಲೂರಿ ನಿಂತದ್ದು ಹೇಗೆ? ದಾನದಿಂದಲ್ಲ, ಒಂದು ಕ್ರಮದಿಂದ. ಊರಿನ ಜನವನ್ನು ಚದುರಿಸದೆ ಒಟ್ಟಿಗೆ ಕೂರಿಸಿದರು. ಬಿತ್ತುವುದಕ್ಕೂ ಮಾರುವುದಕ್ಕೂ ಅವರದೇ ಸಹಕಾರ ಸಂಘಗಳಾದವು. ಮಕ್ಕಳಿಗೆ ಶಾಲೆಯಾಯಿತು. ಜೊತೆಗೆ, ಕೈಹಿಡಿದು ಕೆಲಸ ಕಲಿಸಿ ಆಮೇಲೆ ಕೈಬಿಡುವ ಬುದ್ಧಿಯಿದ್ದ ಸಂಸ್ಥೆಯೊಂದು ನಿಂತಿತು. 1968ರಲ್ಲಿ ಹುಟ್ಟಿದ ಮೈರಾಡ ಎಂಬ ಆ ಸಂಸ್ಥೆಯ ಹೆಸರಿನೊಳಗೇ ಮೈಸೂರೂ ಇದೆ, ಪುನರ್ವಸತಿಯೂ ಇದೆ. ಟಿಬೆಟಿನವರನ್ನು ನೆಲೆಗೊಳಿಸುವ ಸರಕಾರದ ಕೆಲಸಕ್ಕೆ ಹೆಗಲು ಕೊಡುವುದಕ್ಕೆಂದೇ ಅದು ಹುಟ್ಟಿದ್ದು. ಸುಮಾರು ಒಂದು ದಶಕ ಆ ಕೆಲಸ ಮಾಡಿ, ಅಲ್ಲಿ ತನ್ನ ಅಗತ್ಯ ಕಡಿಮೆಯಾದಾಗ ಅದು ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿತು. ನೆರವಿನ ಸಂಸ್ಥೆಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸೇರು ಬೇರೆ ಇಲ್ಲ. ಎಷ್ಟು ಜನಕ್ಕೆ ಕಂಬಳಿ ಹಂಚಿದಿರಿ, ಎಷ್ಟು ಭಾವಚಿತ್ರ ತೆಗೆಸಿಕೊಂಡಿರಿ ಎಂದು ಕೇಳಬೇಡಿ; ನೀವಿಲ್ಲದೆ ಅವರು ನಡೆಯುವಂತಾದರೆ ಎಂದು ಕೇಳಿ.

ಕ್ರಮವಿಲ್ಲದ ಕರುಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಬರ್ಮಾದ ಕರೆನ್ ಜನ 1984ರಿಂದ ಥಾಯ್ಲೆಂಡಿನ ಗಡಿಯ ಶಿಬಿರಗಳಲ್ಲಿದ್ದಾರೆ. ಅವರಿಗೆ ಅನ್ನ ಸಿಕ್ಕಿತು. ಉಳಲು ನೆಲವಾಗಲಿ ಶಿಬಿರದಾಚೆ ದುಡಿಯುವ ಅಧಿಕಾರವಾಗಲಿ ಸಿಗಲಿಲ್ಲ. ನಾಲ್ಕು ದಶಕ ಪಡಿತರದ ಸಾಲಿನಲ್ಲಿ ನಿಲ್ಲಿಸಿ, ಹೊರದೇಶಗಳ ಹಣ ಬತ್ತಿದ ಮೇಲೆ, 2025ರಲ್ಲಿ ಅಲ್ಲಿನ ಸರಕಾರ ಹೊರಗೆ ದುಡಿಯಲು ಒಪ್ಪಿಗೆ ಕೊಟ್ಟಿತು. ಉಣಿಸುವುದು ಬೇರೆ, ಉಣ್ಣುವಂತೆ ಮಾಡುವುದು ಬೇರೆ.

ಇನ್ನು, ಪರದೇಶಿಗಳಿಗೆ ಮಾಡಿದ್ದು ನಮಗೇನು ತಂದಿತು ಎಂಬ ಪ್ರಶ್ನೆ. ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಅದರ ಸುತ್ತಣ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ, ಹೆಂಗಸರು ಸಂಘ ಕಟ್ಟಿಕೊಂಡು, ತಮ್ಮದೇ ಉಳಿತಾಯದಿಂದ ತಮಗೇ ಸಾಲ ಕೊಟ್ಟುಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಇಂಥ ಸ್ವಸಹಾಯ ಸಂಘಗಳನ್ನು 1980ರ ದಶಕದಲ್ಲಿ ಮೊದಲು ಕಟ್ಟಿ ತೋರಿಸಿದವರಲ್ಲಿ ಮೈರಾಡವೂ ಒಂದು. ನಬಾರ್ಡ್ ಅದನ್ನು ಕಂಡು 1987ರಲ್ಲಿ ನೆರವು ಕೊಟ್ಟಿತು. 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲೆಲ್ಲ ಆರಂಭವಾಯಿತು. ಟಿಬೆಟಿನವರಿಗಾಗಿ ಹುಟ್ಟಿದ ಸಂಸ್ಥೆ ನಮ್ಮ ಹೆಂಗಸರ ಕೈಗೂ ಲೆಕ್ಕದ ಪುಸ್ತಕ ಬರುವುದಕ್ಕೆ ದಾರಿ ಮಾಡಿತು. ಬಂದ ಅತಿಥಿ ನಮ್ಮ ತಟ್ಟೆಯ ಅನ್ನ ಕಸಿದನೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಈಗ ದೂರಿನ ನಿಜವಾದ ಅರ್ಧಕ್ಕೆ ಬರೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಮ್ಮ ಸವಳಂಗವೂ ಶಿವಮೊಗ್ಗ ಜಿಲ್ಲೆಯದೇ ಊರು. ಆ ಜಿಲ್ಲೆಯ ಮುಳುಗಡೆಯ ಕತೆ ನಮಗೆ ಪರರ ಕತೆಯಲ್ಲ. ಬೈಲಕುಪ್ಪೆಯಲ್ಲಿ ಟಿಬೆಟಿನವರು ಕಾಡು ಕಡಿಯುತ್ತಿದ್ದ ಅದೇ ದಶಕದಲ್ಲಿ, 1964ರಲ್ಲಿ, ಲಿಂಗನಮಕ್ಕಿಯ ಕಟ್ಟೆ ಮುಗಿಯಿತು. ಗದ್ದೆ, ತೋಟ, ದೇವಸ್ಥಾನ, ಊರು ಎಲ್ಲ ನೀರಿನ ಪಾಲಾದವು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತಂದು ಕಾಡಂಚಿನಲ್ಲಿ ಇಳಿಸಿದರೆಂದು ಹಿರಿಯರು ಹೇಳುತ್ತಾರೆ. ಅವರಿಗೆ ಸಹಕಾರ ಸಂಘವಿಲ್ಲ, ಜೊತೆಗೆ ನಿಲ್ಲುವ ಸಂಸ್ಥೆಯಿಲ್ಲ, ಕೊನೆಗೆ ಒಂದು ಚೂರು ಕಾಗದವೂ ಇಲ್ಲ. ಅವರ ನೋವನ್ನು ನಾ. ಡಿಸೋಜರು ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ ಚಲನಚಿತ್ರವಾಗಿ ಪ್ರಶಸ್ತಿಯನ್ನೂ ಪಡೆಯಿತು. ನಾವು ಓದಿ ಮರುಗಿದೆವು, ನೋಡಿ ಮೆಚ್ಚಿದೆವು. ತರಗತಿಯಲ್ಲಿ ಪಾಠ ಹೇಳಿದೆವು. ಹಕ್ಕುಪತ್ರ ಮಾತ್ರ ಬರಲಿಲ್ಲ. ಶರಾವತಿಯ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯದ್ದು. ಬೆಂಗಳೂರಿನ ಬೀದಿ ಬೆಳಗಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ಬೇಕೆ?

ಕೇಳಿದರೆ ಕಾನೂನು ಅಡ್ಡ ಬಂದಿದೆ ಎನ್ನುತ್ತಾರೆ. ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುನೆಲವನ್ನು ಬೇರೆ ಕೆಲಸಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕು. ಅದಿಲ್ಲದೆ ರಾಜ್ಯ ಸರಕಾರ ಹೊರಡಿಸಿದ ಆದೇಶಗಳನ್ನು 2021ರಲ್ಲಿ ಹೈಕೋರ್ಟು ರದ್ದು ಮಾಡಿತು. ಸರಿ. ಆದರೆ ಆ ಕಾಯಿದೆ ಬಂದದ್ದು 1980ರಲ್ಲಿ. ಕಟ್ಟೆ ಮುಗಿದದ್ದು 1964ರಲ್ಲಿ. ನಡುವಣ ಹದಿನಾರು ವರ್ಷ ಯಾವ ಕಾಯಿದೆ ಅಡ್ಡ ಬಂದಿತ್ತು? ಅಳತೆ ಮಾಡಿ ಪಹಣಿಯಲ್ಲಿ ಹೆಸರು ಬರೆಯುವ ಶ್ಯಾನುಭೋಗರ ಲೇಖನಿಗೆ ಅಡ್ಡ ಬಂದದ್ದು ಕಾನೂನಲ್ಲ, ಉದಾಸೀನ. ಆಗ ಬರೆಯದೆ ಬಿಟ್ಟ ಒಂದು ಸಾಲಿಗೆ, ಸರಕಾರವೇ ತಂದು ಕೂರಿಸಿದವನ ಮೊಮ್ಮಗ ಇಂದು ಅರಣ್ಯ ಒತ್ತುವರಿದಾರ ಎನಿಸಿಕೊಳ್ಳುತ್ತಾನೆ.

ಟಿಬೆಟಿನವರಿಗೆ ಹೊರದೇಶದ ಹಣ ಬಂತು, ಲೋಕವೇ ಗೌರವಿಸುವ ನಾಯಕನಿದ್ದ ಎಂದು ಕೆಲವರು ಹೇಳಬಹುದು. ಒಪ್ಪಿದೆ. ಆದರೆ ಜಂಟಿ ಸರ್ವೆಗೆ ಡಾಲರು ಬೇಕಾಗಿಲ್ಲ. ಸಹಕಾರ ಸಂಘದ ನೋಂದಣಿಗೆ ಗುರುಗಳ ಅನುಗ್ರಹ ಬೇಕಾಗಿಲ್ಲ. ಮನಸ್ಸಿದ್ದರೆ ಇದೇ ಸರಕಾರಕ್ಕೆ ಕಾಗದ ಬರೆಯಲು ಬರುತ್ತದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದ ಸಮಾರಂಭವೊಂದರಲ್ಲೇ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಿಲ್ಲವೆ? ಕಾಡುನೆಲದ ತೊಡಕು ಬೇರೆ ಎಂಬುದು ನಿಜ. ಅದಕ್ಕೆ ದೆಹಲಿಯ ಬಾಗಿಲು ತಟ್ಟಬೇಕು. ತಟ್ಟುವ ಕೆಲಸವನ್ನು ಪ್ರತಿ ಚುನಾವಣೆಯ ಭಾಷಣಕ್ಕೆ ಮೀಸಲಿಡಬಾರದು.

ಆದ್ದರಿಂದ ವಾಚಕರಲ್ಲಿ ನನ್ನ ಕೋರಿಕೆ ಇಷ್ಟೆ. ಬೈಲಕುಪ್ಪೆಯ ಜೋಳದ ಹೊಲ ಕಂಡು ಹೊಟ್ಟೆ ಉರಿದುಕೊಳ್ಳಬೇಡಿ. ಅದು ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಅದಕ್ಕಾಗಿ ನಾವು ತಲೆಯೆತ್ತಿ ನಡೆಯಬಹುದು. ಅದನ್ನೇ ಸಾಕ್ಷಿಯಾಗಿ ಹಿಡಿದು ಸರಕಾರವನ್ನು ಕೇಳಿ: ನಿಮಗೆ ಈ ಕೆಲಸ ಗೊತ್ತು, ಮಾಡಿ ತೋರಿಸಿದ್ದೀರಿ, ಶರಾವತಿಯವರಿಗೆ ಏಕೆ ಮಾಡಲಿಲ್ಲ? ಸರ್ವೆ ಯಾವ ತಿಂಗಳು ಮುಗಿಯುತ್ತದೆ? ಕೇಂದ್ರಕ್ಕೆ ಹೋದ ಕಡತ ಯಾವ ಮೇಜಿನ ಮೇಲಿದೆ?

ಸರಕಾರಿ ಕನ್ನಡ ಈ ಜನಕ್ಕೆ ಇಟ್ಟ ಹೆಸರು ‘ಮುಳುಗಡೆ ಸಂತ್ರಸ್ತರು’. ಸಂತ್ರಸ್ತ ಎಂದರೆ ಭಯದಿಂದ ನಡುಗುವವನು. ಅರವತ್ತು ವರ್ಷ ದಾಟಿದ ಮೇಲೂ, ನೋಟಿಸು ಯಾವಾಗ ಬಂದೀತೋ ಎಂದು ನಡುಗುತ್ತ ಕೂತವರಿಗೆ ಆ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಪಹಣಿಯಲ್ಲಿ ಅವರ ಸ್ವಂತ ಹೆಸರು ಏರುವ ದಿನ ಇದು ತಾನಾಗಿ ಅಳಿಯುತ್ತದೆ. ಅಲ್ಲಿಯವರೆಗೆ ಈ ನಾಡಿನ ಪರದೇಶಿ ಯಾರು ಎಂದು ಯಾರಾದರೂ ಕೇಳಿದರೆ, ಬೈಲಕುಪ್ಪೆಯ ಕಡೆ ಬೆರಳು ತೋರಿಸಬೇಡಿ.