ಬಾಯಿ ಕಟ್ಟು ಅನ್ನಾವ್ರಿಗೆ
ಖಾನಾಪುರದ ಮದವ್ಯಾಗ ನಮ್ಮ ತಂಗಿಗೆ ‘ಮತ್ತ ದಪ್ಪ ಆದ್ಯಲ್ಲವಾ, ಬಾಯಿ ಕಟ್ಟಾಕ ಆಗಲಿಲ್ಲೇನು?’ ಅಂದ್ರಿ. ಬಾಯಿದಲ್ಲರೀ ತಪ್ಪು. ಅಮೆರಿಕಾದ ‘ದಿ ಬಿಗೆಸ್ಟ್ ಲೂಸರ್’ ಟಿವಿ ಸ್ಪರ್ಧಾದಾಗ ತೂಕ ಇಳಿಸಿದ 14 ಮಂದೀನ 6 ವರ್ಷ ಆದಮ್ಯಾಲೆ ಪರೀಕ್ಷಾ ಮಾಡಿದ್ರು, 2016ರಾಗ ವರದಿ ಬಂತು. ಸುಮ್ನ ಕುಂತಾಗ ಅವರ ಮೈ ಎಷ್ಟು ಸುಡಬೇಕಿತ್ತೋ ಅದಕ್ಕಿಂತ ದಿನಕ್ಕ ಸುಮಾರು 500 ಕ್ಯಾಲರಿ ಕಡಿಮಿ ಸುಡತಿತ್ತು. ಹೆಚ್ಚೂಕಮ್ಮಿ ಮೂರು ಜ್ವಾಳದ ರೊಟ್ಟಿ! ಮ್ಯಾಲೆ ನೀವ ‘ಇಷ್ಟಕ್ಕ ಏನಾಗತೈತಿ’ ಅಂತ ತಾಟಿಗೆ ಕುಂದಾ ಹಾಕತೀರಿ.

ವ್ಯಾಕ್ಸಿನ್ ಡಿಪೋದಾಗ ಅಡ್ಡಾಡಿ ಬರೂ ಗಂಡಸರಿಗೆ ಮನ್ಯಾಗ ಚಾ ತಯಾರಿರತೈತಿ. ಆಕಿ ಹೊಂಟ್ರ ‘ಡಬ್ಬಿ ಯಾರು ಕಟ್ಟಬೇಕು?’ ತೂಕ ಇಳಸೂದು ನಾಕು ತಿಂಗಳದ್ದು, ಕಾಯೂದು ದಿನಾಲೂ. ಅತ್ತಿ, ವೈನಿ, ಮುಂಜಾನಿ ಒಂದ್ ತಾಸು ಆಕಿಗೆ ಬಿಡ್ರಿ. ಡಬ್ಬಿ ಅಣ್ಣಾರ ಕಟ್ಕೊಳ್ಳಿ.