ಕಾವಲಿಯ ಮುಂದಿನ ವಿದ್ಯೆ

ಕಸುಬು ಕಲಿಯುವ ಹುಡುಗನಿಗೆ ಉತ್ಸಾಹ ಹುಟ್ಟುವುದು ಉಪದೇಶದಿಂದಲ್ಲ. ಕಲಿತದ್ದಕ್ಕೆ ಊರಿನಲ್ಲಿ ಬೆಲೆಯುಂಟೆಂದು ಕಣ್ಣಾರೆ ಕಂಡಾಗ. ಸೂರತ್ತಿನ ವಜ್ರೋದ್ಯಮಕ್ಕೆ 1978ರಷ್ಟು ಹಿಂದೆಯೇ ಇಂಡಿಯನ್ ಡೈಮಂಡ್ ಇನ್‌ಸ್ಟಿಟ್ಯೂಟ್ ದೊರೆಯಿತು. ನಮ್ಮ ಹೋಟೆಲುಗಳಲ್ಲಾದರೋ, ಹತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವನ ಕೈಯಲ್ಲಿ ಕಸುಬಿದೆ, ಕಾಗದವಿಲ್ಲ.

ಶಾಲೆಯನ್ನೂ ಮಾಲೀಕರನ್ನೂ ಬೆಸೆಯಲು 1961ರ ಅಪ್ರೆಂಟಿಸ್ ಕಾಯಿದೆ ಇದೆ. ಅವಧಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಪ್ರಮಾಣಪತ್ರವೂ ಉಂಟು. 2019ರಲ್ಲಿ ತಿದ್ದಿದ ನಿಯಮಗಳ ಮೇರೆಗೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿಯಿರುವಲ್ಲಿ ಅದು ಮಾಲೀಕರ ಇಚ್ಛೆ. ಸಣ್ಣ ಹೋಟೆಲುಗಳೆಲ್ಲ ಈ ಇಚ್ಛೆಯ ವರ್ಗದಲ್ಲಿಯೇ ನಿಂತುಬಿಟ್ಟಿವೆ, ತೊಡಕಿರುವುದು ಇಲ್ಲಿ. ಖರ್ಚಿನ ನೆಪವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. 2016ರಲ್ಲಿ ಆರಂಭವಾದ ಯೋಜನೆಯಂತೆ ಭತ್ಯದ ಕಾಲು ಪಾಲನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರಕಾರವೇ ಭರಿಸುತ್ತದೆ. ಅಪ್ರೆಂಟಿಸನ ಹೆಸರಿನಲ್ಲಿ ಹುಡುಗನಿಂದ ಲೋಟ ತೊಳೆಸಿಯೇ ವರ್ಷ ಕಳೆಯುವ ಮಾಲೀಕರು ಮಾತ್ರ ಈ ದಾರಿಗೆ ಬಾರದಿರುವುದೇ ಲೇಸು.

ಅಡಿಗೆಯ ಕಸುಬು ಐ.ಟಿ.ಐ.ಗಳ ಪಠ್ಯಕ್ರಮದಲ್ಲಿಯೂ ಸೇರಿದೆ. ನಾಲ್ಕಾರು ಮಾಲೀಕರು ಕೂಡಿ ಸಮೀಪದ ಐ.ಟಿ.ಐ. ಪ್ರಿನ್ಸಿಪಾಲರನ್ನು ಕಾಣಲಿ, ನೋಂದಣಿಯ ಬರವಣಿಗೆಯನ್ನು ನಮ್ಮ ಗುಮಾಸ್ತ ಬಂಧುಗಳು ಒಂದು ರಜೆಯ ದಿನ ಕುಳಿತು ಮಾಡಿಕೊಡಲಿ.