ಒಬ್ಬನೇ ರೈಡರ್ ಎಷ್ಟು ಸಲ ಹೋಗ್ಬೇಕು?

ಕಬಡ್ಡಿ ಸೀಸನ್ ಶುರುವಾದ್ರೆ ಶ್ರೀನಿವಾಸಪುರದಲ್ಲಿ ನಮ್ಮ ಮನೆ ಎರಡು ಭಾಗ ಆಗುತ್ತೆ. ಮನೆ ಒಳಗೆ ತೆಲುಗು, ಸ್ಕೂಲಲ್ಲಿ ಕನ್ನಡ ಅಂತ ಬೆಳೆದವರು ನಾವು. ಹಾಗಾಗಿ ನಾನು ಬೆಂಗಳೂರು ಬುಲ್ಸ್, ನಮ್ಮ ಭಾವ ತೆಲುಗು ಟೈಟನ್ಸ್. ಅಕ್ಕ ಯಾರ ಕಡೆಯೂ ಇಲ್ಲ, ರಿಮೋಟ್ ಕಡೆ. ಸೋಮವಾರ ನಾನು ಬೆಂಗಳೂರಿಗೆ ಬಸ್ ಹತ್ತಿದ ಮೇಲೂ ಜಗಳ ನಿಲ್ಲಲ್ಲ, ವಾಟ್ಸ್ಆ್ಯಪ್ ಗ್ರೂಪಲ್ಲಿ ಮುಂದುವರಿಯುತ್ತೆ.

ಜಗಳದ ವಿಷಯ ಮಾತ್ರ ಪ್ರತಿ ವರ್ಷ ಒಂದೇ: ರೈಡರ್. ನಮ್ಮ ದೊಡ್ಡಪ್ಪನಂತೂ ಇವತ್ತಿಗೂ "ಪವನ್‌ನ ಬಿಟ್ಟಿದ್ದೇ ತಪ್ಪಾಯ್ತು ಕಣಪ್ಪ" ಅಂತಲೇ ಮಾತು ಶುರು ಮಾಡೋದು.

ಅವರ ಸಂಕಟ ನನಗೆ ಅರ್ಥ ಆಗುತ್ತೆ. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್ ಮರೆಯೋದು ಹೇಗೆ? ಗುಜರಾತ್ ವಿರುದ್ಧ ಬುಲ್ಸ್ 38-33ರಿಂದ ಗೆದ್ದಿತು, ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬನದೇ. ಮುಂದಿನ ಸೀಸನ್ನಲ್ಲಿ ಹರಿಯಾಣ ವಿರುದ್ಧದ ಒಂದೇ ಮ್ಯಾಚಲ್ಲಿ 39 ಅಂಕ, ಇಡೀ ಸೀಸನ್ನಲ್ಲಿ 346 ರೈಡ್ ಅಂಕ. ಇಷ್ಟೆಲ್ಲ ಆಗಿಯೂ ಕಪ್ ಬಂತಾ? ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿ ಮನೆಗೆ ಕಳಿಸಿತು. ಎಂಟನೇ ಸೀಸನ್ನಲ್ಲಿ ಮತ್ತೆ ಮುನ್ನೂರು ದಾಟಿದ. ಮತ್ತೆ ಸೆಮಿಫೈನಲ್, ಮತ್ತೆ ಅದೇ ಡೆಲ್ಲಿ.

ಇಲ್ಲೇ ನಾನು ದೊಡ್ಡಪ್ಪನ ಜೊತೆ ಒಪ್ಪಲ್ಲ. ರೈಡರ್ ಮೂವತ್ತು ಸೆಕೆಂಡ್ ಒಳಗೆ ಹೋಗಿ ಬರೋದನ್ನ ಟಿವಿ ತೋರಿಸುತ್ತೆ, ನಾವೂ ಅದನ್ನೇ ನೋಡ್ತೀವಿ. ಅವನು ಔಟಾಗಿ ಹೊರಗೆ ಕೂತಿರೋ ಹೊತ್ತನ್ನ ಯಾರೂ ಲೆಕ್ಕ ಇಡಲ್ಲ. ಮಿಕ್ಕವರು ಎದುರಾಳಿಯನ್ನ ಔಟ್ ಮಾಡಿದ್ರೆ ತಾನೇ ಅವನು ವಾಪಸ್ ಅಂಕಣಕ್ಕೆ ಬರೋದು? ಕಾರ್ನರ್‌ನಲ್ಲಿ ಕಾಲು ಹಿಡಿಯೋನು ಗಟ್ಟಿ ಇಲ್ಲ ಅಂದ್ರೆ ಎಂಥಾ ರೈಡರ್ ಆದ್ರೂ ಕೂತು ನೋಡ್ಬೇಕಷ್ಟೇ. ಎರಡು ರೈಡ್ ಖಾಲಿ ಹೋಗಿ ಮೂರನೇದು 'ಡು ಆರ್ ಡೈ' ಬಂದಾಗ ಯಾರು ಹೋಗ್ತಾನೆ ಅಂತ ಎದುರಾಳಿಗೂ ಗೊತ್ತಿರುತ್ತೆ, ಪಾನಿಪುರಿ ಅಂಗಡಿಯವನಿಗೂ ಗೊತ್ತಿರುತ್ತೆ. ಆಮೇಲೆ ಅವನನ್ನ ಕಟ್ಟಿಹಾಕೋದು ಏನು ಕಷ್ಟ?

ಭಾವ ಇದಕ್ಕೆ ನಗ್ತಿದ್ರು. ಹತ್ತನೇ ಸೀಸನ್‌ಗೆ ಟೈಟನ್ಸ್ ಪವನ್‌ನ 2.605 ಕೋಟಿ ಕೊಟ್ಟು ತಗೊಂಡಾಗ ಇಡೀ ಗ್ರೂಪಿಗೆ ಪಟಾಕಿ ಎಮೋಜಿ ಹಾಕಿದ್ರು. ಆ ಸಲ 22 ಮ್ಯಾಚಲ್ಲಿ ಟೈಟನ್ಸ್ ಗೆದ್ದಿದ್ದು 2. ಕೊನೇ ಸ್ಥಾನ. ಮರು ಸೀಸನ್ನಲ್ಲಿ ನಗೋ ಸರದಿ ನಂದಾಗ್ಬೇಕಿತ್ತು, ಆಗ್ಲಿಲ್ಲ. ನಮ್ಮವರು ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್‌ನ 70 ಲಕ್ಷಕ್ಕೆ ತಂದ್ರು. 22 ಮ್ಯಾಚ್, ಗೆದ್ದಿದ್ದು 2, ಕೊನೇ ಸ್ಥಾನ. ಭಾವ-ಭಾಮೈದ ಇಬ್ಬರ ಲೆಕ್ಕವೂ ಸಮ!

ಈಗ ಪುಣೆ ಕಡೆ ನೋಡಿ. ಟೈಟನ್ಸ್ ತಳ ಕಂಡ ಅದೇ ಹತ್ತನೇ ಸೀಸನ್ನಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆಯ್ತು. ಕೋಚ್ ನಮ್ಮ ಕರ್ನಾಟಕದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಆ ತಂಡ 2.35 ಕೋಟಿ ಸುರಿದಿದ್ದು ಇರಾನಿನ ಶಾದ್ಲೂಯಿ ಮೇಲೆ, ಹಿಡಿಯೋ ಆಟಗಾರನ ಮೇಲೆ. ರೈಡಿಂಗ್ ಕೆಲಸವನ್ನ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್ ಥರದ ಹುಡುಗರು ಹಂಚಿಕೊಂಡ್ರು. 2024ರ ಮಾರ್ಚ್ 1ರ ಫೈನಲ್ ಸ್ಕೋರ್ 28-25. ಆ ಸ್ಕೋರೇ ಹೇಳುತ್ತೆ, ಅದು ಹಿಡಿದು ಗೆದ್ದ ಕಪ್ಪು.

2025ರಲ್ಲಿ ರಮೇಶ್ ಬುಲ್ಸ್‌ಗೆ ಕೋಚ್ ಆಗಿ ಬಂದಾಗ ನಾನು ಗ್ರೂಪಲ್ಲಿ ಉದ್ದುದ್ದ ಬರೆದೆ. ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇಆಫ್‌ಗೆ ಹೋಯ್ತು. ಯೋಗೇಶ್, ದೀಪಕ್ ಶಂಕರ್ ಹಿಡಿಯೋದನ್ನ ನೋಡೋಕೇ ಖುಷಿ. ಆದ್ರೆ ಅಂಕ ಬೇಕು ಅಂದಾಗೆಲ್ಲ ಮತ್ತೆ ಒಬ್ಬನೇ, ಇರಾನಿನ ಅಲಿರೆಜಾ ಮಿರ್ಜಾಯಿಯಾನ್. ಮಿನಿ ಕ್ವಾಲಿಫೈಯರ್‌ನಲ್ಲಿ ಸೋತಿದ್ದು ಯಾರಿಗೆ ಅಂತೀರಾ? ತೆಲುಗು ಟೈಟನ್ಸ್‌ಗೆ. ಭಾವ ಅವತ್ತು ಮೆಸೇಜ್ ಹಾಕ್ಲಿಲ್ಲ, ನೇರ ವಿಡಿಯೊ ಕಾಲ್ ಮಾಡಿದ್ರು. ಇರಲಿ. ಕೋಚ್ ಸರಿ, ಎರಡನೇ ರೈಡರ್ ಬೇಕು ಅನ್ನೋದು ನನ್ನ ವಾದ. ದೊಡ್ಡಪ್ಪನದು ಹಳೇ ಪಲ್ಲವಿ: "ಇನ್ನೊಬ್ಬ ಪವನ್ ಬೇಕು."

ಇದು ಬರೀ ಟಿವಿ ಮುಂದಿನ ಮಾತಾಗಿದ್ರೆ ಇಷ್ಟು ಬರೀತಾನೇ ಇರ್ಲಿಲ್ಲ. ದೊಡ್ಡಪ್ಪನ ಕೊನೇ ಮಗ ಊರ ಟೀಮಿನ ರೈಡರ್. ಇಪ್ಪತ್ತೊಂದು ವಯಸ್ಸು, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದ್ತಿದ್ದಾನೆ. ರಾತ್ರಿ ಟೂರ್ನಮೆಂಟ್ ಅಂದ್ರೆ ಮ್ಯಾಟ್ ಇಲ್ಲ, ಮಣ್ಣು. ಜನ ಅವನ ಹೆಸರು ಕೂಗ್ತಾರೆ, ಅವನು ಹೋಗ್ತಾನೆ. ಬಂದ ತಕ್ಷಣ ಮತ್ತೆ ಕೂಗ್ತಾರೆ. ಈ ವರ್ಷ ಎರಡು ಸಲ ಮಂಡಿ ಊದಿಕೊಂಡಿದೆ. ಕೋಲಾರದ ಡಾಕ್ಟರು ಆರು ವಾರ ರೆಸ್ಟ್ ಅಂದ್ರು. ಜಾತ್ರೆ ಟೂರ್ನಮೆಂಟ್ ಇದ್ದಿದ್ದು ನಾಲ್ಕನೇ ವಾರಕ್ಕೆ.

ಪವನ್‌ಗೂ ಮಂಡಿನೇ ಕೈ ಕೊಟ್ಟಿದ್ದು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ತಗೊಂಡ ಮೇಲೆ ಮೊದಲ ಮ್ಯಾಚಲ್ಲೇ ಪೆಟ್ಟು, ಇಡೀ ಸೀಸನ್ ಹೋಯ್ತು. ಅವನಿಗೆ ನೋಡ್ಕೊಳ್ಳೋಕೆ ಫಿಸಿಯೊ ಇದ್ರು, ಮರು ವರ್ಷ ಇನ್ನೂ ದೊಡ್ಡ ಮೊತ್ತಕ್ಕೆ ಹೋದ. ನಮ್ಮ ಹುಡುಗನಿಗೆ ಫಿಸಿಕಲ್ ಟೆಸ್ಟಿನ ಓಟ ತಪ್ಪಿದ್ರೆ ಮತ್ತೆ ಯಾವಾಗ ನೇಮಕಾತಿ ಕರೀತಾರೋ. ನಮ್ಮ ತೋಟದಲ್ಲಿ ಕಾಯಿ ಜಾಸ್ತಿ ಕಚ್ಚಿದ ಮಾವಿನ ಕೊಂಬೆಗೆ ದೊಡ್ಡಪ್ಪನೇ ಕವೆಗೋಲು ಕೊಡ್ತಾರೆ. ಮಗನ ವಿಷಯಕ್ಕೆ ಬಂದ್ರೆ, "ಒಂದು ಮ್ಯಾಚ್ ತಾನೇ, ಊರ ಮರ್ಯಾದೆ" ಅಂದ್ರು. ಇದನ್ನ ಗ್ರೂಪಲ್ಲಿ ಅಲ್ಲ, ಎದುರು ಕೂತೇ ಮಾತಾಡಿದ್ವಿ. ದೊಡ್ಡಮ್ಮ ಮಾತ್ರ ನನ್ನ ಕಡೆ. ಭಾವ ಮೊದಲು ಸುಮ್ಮನಿದ್ರು, ಆಮೇಲೆ ಅಂದ್ರು, "ಮಾವಯ್ಯಾ, ಟೈಟನ್ಸ್ ಕೋಟಿ ಕೊಟ್ಟು ಕಲಿತ ಪಾಠ ಇದು. ನಿಮಗೆ ಫ್ರೀ ಆಗಿ ಹೇಳ್ತಿದೀನಿ."

ಕೊನೆಗೆ ತೀರ್ಮಾನ ಮಾಡಿದ್ದು ಹುಡುಗನೇ. ಜಾತ್ರೆಗೆ ಹೋದ, ಶಾರ್ಟ್ಸ್ ಹಾಕ್ಕೊಳ್ಳದೆ ಪ್ಯಾಂಟಲ್ಲೇ ಹೋದ. ಲೈನ್ ಹೊರಗೆ ನಿಂತು ಪಿಯುಸಿ ಓದೋ ಇಬ್ಬರು ಹುಡುಗರನ್ನ ಒಬ್ಬರಾದ ಮೇಲೆ ಒಬ್ಬರನ್ನ ರೈಡಿಗೆ ಕಳಿಸಿದ. ಎರಡನೇ ಸುತ್ತಲ್ಲಿ ನಾಲ್ಕು ಅಂಕದಿಂದ ಸೋತ್ರು. ಊರಲ್ಲಿ ಕೆಲವರು ಇನ್ನೂ ಅವನ ಹತ್ರ ಮಾತು ಬಿಟ್ಟಿದ್ದಾರೆ. ಬೆಳಗ್ಗೆ ಐದೂವರೆಗೆ ಎದ್ದು ಓಡೋಕೆ ಹೋಗ್ತಿದ್ದಾನೆ, ಸದ್ಯಕ್ಕೆ ನಿಧಾನಕ್ಕೆ.